ನ್ಯೂಯಾರ್ಕಲ್ಲಿ ಮರದ ನೆಲದ ಅಪಾರ್ಟ್‌ಮೆಂಟ್ ಬಾಡಿಗೆಗೆ ಹಿಡಿಯೋದು: ನೋಡೋ ದಿನದಿಂದ ಡೆಪಾಸಿಟ್ ವಾಪಸ್ ಬರೋವರೆಗೆ

ಪ್ರತಿ ವರ್ಷ ಲೀಸ್ ಮುಗಿಯೋ ಟೈಮಲ್ಲಿ ಪರಿಚಯದವರಿಂದ ಒಂದೇ ಥರದ ಫೋನ್ ಬರತ್ತೆ. ಮನೆ ಖಾಲಿ ಮಾಡಿದ್ವಿ, ಫ್ಲೋರ್ ಹಾಳಾಗಿದೆ ಅಂತ ಡೆಪಾಸಿಟ್ ಹಿಡ್ಕೊಂಡ್ಬಿಟ್ಟಿದಾರೆ, ಆ ಕಲೆ ನಾವು ಬರೋಕ್ ಮುಂಚೆನೇ ಇತ್ತು, ಈಗೇನ್ ಮಾಡೋದು ಅಂತ. ಬಂದ ದಿನ ನೆಲದ ಫೋಟೋ ತೆಗೆದಿದ್ರಾ ಅಂತ ಕೇಳಿದ್ರೆ ಹೆಚ್ಚಿನವರ ಹತ್ರ ಇರೋದು ಹಾಲುಕ್ಕಿಸಿದ ಫೋಟೋ ಮಾತ್ರ, ಅದರಲ್ಲಿ ಸ್ಟವ್ ಕಾಣತ್ತೆ, ನೆಲ ಕಾಣಲ್ಲ.

ನಮ್ಮ ಜನ ಇಲ್ಲಿ ಎಡವೋದು ಕೆಲಸದ ಕ್ರಮದಲ್ಲಿ. ಕ್ರೆಡಿಟ್ ಸ್ಕೋರ್, ಸಬ್‌ವೇ ಎಷ್ಟ್ ದೂರ, ಮಕ್ಕಳ ಸ್ಕೂಲು ಎಲ್ಲಾ ನೋಡಿ ಸೈನ್ ಹಾಕಿ ಸಾಮಾನು ಇಳಿಸಿ, ನೆಲದ ಬಗ್ಗೆ ಮೊದಲ ಸಲ ಯೋಚ್ನೆ ಮಾಡೋದು ಮನೆ ಬಿಡೋ ವಾರ. ಅಷ್ಟೊತ್ತಿಗೆ ಮಾಡೋಕೆ ಉಳಿದಿರೋದು ಬಹಳ ಕಮ್ಮಿ. ಕೆಳಗಿರೋ ಹಂತಗಳನ್ನ ಇದೇ ಕ್ರಮದಲ್ಲಿ ಮಾಡಿ, ಮುಖ್ಯವಾಗಿ 5ನೇ ಹಂತ ಬಿಡ್ಬೇಡಿ.

ಇಲ್ಲಿ ಹೇಳೋ ಕಾನೂನೆಲ್ಲ ನ್ಯೂಯಾರ್ಕ್ ಸಿಟಿಗೆ. ನದಿ ಆಚೆ ಜರ್ಸಿ ಸಿಟೀಲಿ ಇರೋರಿಗೆ ಲೆಕ್ಕ ಬೇರೆ, ಅಲ್ಲಿ ಡೆಪಾಸಿಟ್ ಒಂದೂವರೆ ತಿಂಗಳ ಬಾಡಿಗೆವರೆಗೂ ಕೇಳಬಹುದು, ವಾಪಸ್ ಕೊಡೋಕೆ 30 ದಿನ ಇರತ್ತೆ. ನೆಲ ನೋಡ್ಕೊಳೋ ರೀತಿ ಮಾತ್ರ ಎಲ್ಲಾ ಕಡೆ ಒಂದೇ.

ಕೈಯಲ್ಲಿ ಇರಬೇಕಾದ ಸಾಮಾನು

ಮನೆ ನೋಡೋಕೆ ಹೋಗುವಾಗ: ಫೋನು (ಟಾರ್ಚ್ ಅದರಲ್ಲೇ ಇದೆ), ಅಳತೆ ಟೇಪು, ಒಂದು ಗೋಲಿ, ಒಂದು ಬಿಳೀ ಟಿಶ್ಯೂ, ಒಂದು ಕ್ವಾರ್ಟರ್ ನಾಣ್ಯ.

ಮನೆಗೆ ಬಂದ್ಮೇಲೆ: ಕುರ್ಚಿ ಮಂಚದ ಕಾಲಿಗೆ ಅಂಟಿಸೋ ಫೆಲ್ಟ್ ಪ್ಯಾಡು, ರಗ್ಗು, ರಗ್ಗಿನ ಕೆಳಗೆ ಹಾಕೋ ಫೆಲ್ಟ್, ಮೈಕ್ರೋಫೈಬರ್ ಮಾಪು, ಹಾರ್ಡ್‌ವುಡ್‌ಗೆ ಅಂತಲೇ ಬರೋ ಕ್ಲೀನರ್, ಗಾಳೀಲಿರೋ ತೇವಾಂಶ ತೋರಿಸೋ ಸಣ್ಣ ಮೀಟರ್. ಎಲ್ಲಾ ಹಾರ್ಡ್‌ವೇರ್ ಅಂಗಡೀಲಿ ಸಿಗತ್ತೆ.

1. ಪೇಪರ್ ಮೊದಲೇ ರೆಡಿ ಮಾಡ್ಕೊಳಿ

ಇದನ್ನ ಮೊದಲು ಇಡೋಕೆ ಕಾರಣ ಇದೆ. ಇಲ್ಲಿ ಒಳ್ಳೇ ಮನೆ ಒಂದೆರಡು ದಿನದಲ್ಲೇ ಹೋಗ್ಬಿಡತ್ತೆ, ಪೇಪರ್ ರೆಡಿ ಇಲ್ದೆ ಇರೋರು ಕೊನೇ ಗಳಿಗೇಲಿ ಓಡಾಡಿ, ಆ ಗಡಿಬಿಡೀಲಿ ನೆಲ ನೋಡೋದನ್ನೇ ಬಿಟ್ಬಿಡ್ತಾರೆ. ಆಫರ್ ಲೆಟರ್, ಹಿಂದಿನ ಎರಡು ಮೂರು ಪೇ ಸ್ಟಬ್ (ಸಂಬಳದ ಚೀಟಿ), ಬ್ಯಾಂಕ್ ಸ್ಟೇಟ್‌ಮೆಂಟ್, ಹೋದ ವರ್ಷದ ಟ್ಯಾಕ್ಸ್ ರಿಟರ್ನ್, ಪಾಸ್‌ಪೋರ್ಟ್ ಎಲ್ಲಾ ಒಂದೇ ಪಿಡಿಎಫ್ ಮಾಡಿ ಇಟ್ಕೊಳಿ.

ಸಾಮಾನ್ಯವಾಗಿ ಓನರ್‌ಗಳು ಕೇಳೋದು ತಿಂಗಳ ಬಾಡಿಗೆಯ 40 ಪಟ್ಟು ವರ್ಷದ ಆದಾಯ. ಅಂದ್ರೆ ಬಾಡಿಗೆ 3,000 ಡಾಲರ್ ಇದ್ರೆ ಸಂಬಳ 1,20,000. ಅಷ್ಟಿಲ್ಲ ಅಂದ್ರೆ ಗ್ಯಾರಂಟರ್ ಬೇಕು, ಅವರಿಗೆ 80 ಪಟ್ಟು ಕೇಳ್ತಾರೆ. ಊರಿಂದ ಹೊಸದಾಗಿ ಬಂದೋರಿಗೆ ಇಲ್ಲಿ ಕ್ರೆಡಿಟ್ ಹಿಸ್ಟರಿ ಇರಲ್ಲ, ಅವರಿಗೆ ದುಡ್ಡು ತಗೊಂಡು ಗ್ಯಾರಂಟಿ ನಿಲ್ಲೋ ಕಂಪನಿಗಳಿವೆ, ಆದ್ರೆ ಅದನ್ನ ಈ ಓನರ್ ಒಪ್ತಾರಾ ಅಂತ ಮೊದಲೇ ಕೇಳಿ, ಆಮೇಲೆ ದುಡ್ಡು ಕಟ್ಟಿ.

ದುಡ್ಡಿನ ಮಿತಿ ಬಾಯಿಪಾಠ ಇರಲಿ. 2019ರ ಜೂನಲ್ಲಿ ಬದಲಾದ ರಾಜ್ಯದ ಕಾನೂನು ಪ್ರಕಾರ ಡೆಪಾಸಿಟ್ ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳೋ ಹಾಗಿಲ್ಲ, ಕ್ರೆಡಿಟ್ ಮತ್ತೆ ಬ್ಯಾಕ್‌ಗ್ರೌಂಡ್ ಚೆಕ್‌ಗೆ 20 ಡಾಲರ್‌ಗಿಂತ ಜಾಸ್ತಿ ತಗೊಳೋ ಹಾಗಿಲ್ಲ. 2025ರ ಜೂನ್ 11ರಿಂದ ಫೇರ್ ಆಕ್ಟ್ ಬಂದಿದೆ, ಓನರ್ ಕಡೆಯ ಬ್ರೋಕರ್‌ಗೆ ನೀವು ಫೀಸ್ ಕೊಡ್ಬೇಕಿಲ್ಲ. ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಅಭ್ಯಾಸ ಇರೋರು ಇಲ್ಲಿ ಮೂರು ತಿಂಗಳು ಕೇಳಿದ್ರೂ ಪರವಾಗಿಲ್ಲ ಕಮ್ಮಿನೇ ಅಂತ ಕೊಟ್ಬಿಡ್ತಾರೆ. ಕೊಡ್ಬೇಡಿ. ಮನೆ ನೋಡೋಕ್ ಮುಂಚೆನೇ ದುಡ್ಡು ಟ್ರಾನ್ಸ್‌ಫರ್ ಮಾಡಿ ಅಂದ್ರಂತೂ ಅದು ಮೋಸ, ಅಲ್ಲಿಗೇ ಬಿಡಿ.

2. ಲಿಸ್ಟಿಂಗಲ್ಲಿ ಹಾರ್ಡ್‌ವುಡ್ ಅಂತ ಬರೆದಿರೋದು ಏನು ಅಂತ ತಿಳ್ಕೊಳಿ

ಲಿಸ್ಟಿಂಗಲ್ಲಿ ಎಲ್ಲದಕ್ಕೂ ಹಾರ್ಡ್‌ವುಡ್ ಅಂತಲೇ ಹಾಕಿರ್ತಾರೆ, ಒಳಗೆ ನಾಲ್ಕು ಥರ ಇರತ್ತೆ, ನಾಲ್ಕೂ ಹಾಳಾಗೋ ರೀತಿ ಬೇರೆ ಬೇರೆ.

ಎರಡನೇ ಮಹಾಯುದ್ಧಕ್ಕಿಂತ ಹಳೇ ಬಿಲ್ಡಿಂಗಲ್ಲಿ ಸಾಮಾನ್ಯವಾಗಿ ಓಕ್ ಮರದ ಉದ್ದ ಪಟ್ಟಿಗಳು. ಗಟ್ಟಿ ಮರ, ಮುಕ್ಕಾಲು ಇಂಚು ದಪ್ಪ ಇದ್ರೆ ಹಲವು ಸಲ ಉಜ್ಜಿ ಪಾಲಿಶ್ ಮಾಡಬಹುದು. ಯುದ್ಧ ಆದ್ಮೇಲೆ ಕಟ್ಟಿದ ಬಿಲ್ಡಿಂಗಲ್ಲಿ, ಕ್ವೀನ್ಸ್ ಕಡೆ ಇಂಥವು ತುಂಬಾ ಸಿಗತ್ತೆ, ಸಣ್ಣ ಸಣ್ಣ ಮರದ ತುಂಡು ಚೌಕವಾಗಿ ಜೋಡಿಸಿರೋ ಪಾರ್ಕೆ ಇರತ್ತೆ. ಇದು ಎಷ್ಟೋ ಕಡೆ ತೆಳು, ಅಂಟಲ್ಲಿ ಕೂರಿಸಿರ್ತಾರೆ, ನೀರು ಕುಡಿದ್ರೆ ತುಂಡು ತುಂಡಾಗಿ ಎದ್ದು ಬರತ್ತೆ. ಹೊಸ ಟವರ್‌ಗಳಲ್ಲಿ ಎಂಜಿನಿಯರ್ಡ್, ಅಂದ್ರೆ ಪ್ಲೈವುಡ್ ಮೇಲೆ ನಿಜವಾದ ಮರದ ತೆಳು ಪದರ. ನಾಲ್ಕನೇದು ಲ್ಯಾಮಿನೇಟ್ ಅಥವಾ ವಿನೈಲ್, ಅದು ಮರದ ಚಿತ್ರ ಅಷ್ಟೆ.

ಗುರುತು ಹಿಡಿಯೋದು ಸುಲಭ. ಮರದ ಗೆರೆ ನೋಡ್ತಾ ಹೋಗಿ, ಒಂದೇ ಗಂಟು, ಒಂದೇ ಗೆರೆ ಮೂರು ನಾಲ್ಕು ಹಲಗೇಲಿ ಹಾಗೇ ರಿಪೀಟ್ ಆದ್ರೆ ಅದು ಪ್ರಿಂಟು. ಇಲ್ಲಾಂದ್ರೆ ರೇಡಿಯೇಟರ್ (ಚಳಿಗಾಲದಲ್ಲಿ ರೂಂ ಬಿಸಿ ಮಾಡೋದು) ಪೈಪು ನೆಲದೊಳಗೆ ಹೋಗೋ ತೂತಿನ ಹತ್ರ ಟಾರ್ಚ್ ಬಿಟ್ಟು ನೋಡಿ, ಅಲ್ಲಿ ಹಲಗೆಯ ಕತ್ತರಿಸಿದ ಅಂಚು ಕಾಣತ್ತೆ, ಒಳಗೆ ಏನಿದೆ ಅಂತ ಅಲ್ಲೇ ಗೊತ್ತಾಗತ್ತೆ.

ವಿನೈಲ್ ಇದ್ರೆ ಬೇಜಾರ್ ಮಾಡ್ಕೋಬೇಡಿ. ಚಿಕ್ಕ ಮಕ್ಕಳಿರೋ ಮನೆಗೆ, ದಿನಾ ನೆಲ ಒರೆಸ್ಲೇಬೇಕು ಅನ್ನೋ ಅಜ್ಜಿ ಬಂದು ಆರು ತಿಂಗಳು ಇರೋ ಮನೆಗೆ, ನನ್ನ ಕೇಳಿದ್ರೆ ಅದೇ ನೆಮ್ಮದಿ. ಮರದ ರೇಟು ಕೊಟ್ಟು ವಿನೈಲ್ ತಗೋಬೇಡಿ, ಅಷ್ಟೇ.

3. ಮನೆ ನೋಡುವಾಗ ನೆಲಕ್ಕೆ ಇಪ್ಪತ್ತು ನಿಮಿಷ

ಹಗಲಲ್ಲೇ ಹೋಗಿ. ಬ್ರೋಕರ್ ಕಿಚನ್ ತೋರಿಸ್ತೀನಿ ಬನ್ನಿ ಅಂತ ಕರೀತಾರೆ, ನೀವು ಮೊದಲು ಬಾಗಿಲಲ್ಲಿ ಕೂತು ಟಾರ್ಚನ್ನ ನೆಲದ ಮಟ್ಟಕ್ಕೆ ಹಿಡಿದು ಅಡ್ಡಲಾಗಿ ಬೆಳಕು ಬಿಡಿ. ನಿಂತು ನೋಡಿದ್ರೆ ಕಾಣದೇ ಇರೋ ಗೀರು, ಉಬ್ಬು ತಗ್ಗು ಎಲ್ಲಾ ನೆರಳಾಗಿ ಎದ್ದು ಕಾಣತ್ತೆ.

ಆಮೇಲೆ ಈ ಜಾಗಗಳಿಗೆ ಹೋಗಿ: ರೇಡಿಯೇಟರ್ ವಾಲ್ವ್ ಕೆಳಗೆ, ಕಿಟಕಿ ಕೆಳಗೆ, ಕಿಟಕಿ ಎಸಿ ಇರೋ ಕಡೆ, ಬಾತ್‌ರೂಂ ಬಾಗಿಲ ಮುಂದೆ, ಕಿಚನ್ ಅಂಚು, ಕ್ಲಾಸೆಟ್ ಒಳಗೆ. ನೀರು ಹೋಗಿರೋ ಜಾಗಗಳು ಇವೇ. ಹಳೇ ಬಾಡಿಗೆದಾರರು ಇನ್ನೂ ಇದ್ರೆ ಅವರ ರಗ್ಗು ಎತ್ತಿ ನೋಡ್ಲಾ ಅಂತ ಕೇಳಿ, ಸಂಕೋಚ ಬೇಡ.

ಗೋಲಿ ನೆಲದ ಮೇಲಿಡಿ. ಹಳೇ ಬಿಲ್ಡಿಂಗಲ್ಲಿ ನಿಧಾನಕ್ಕೆ ಉರುಳಿದ್ರೆ ಅದು ಮಾಮೂಲು. ಒಂದೇ ಜಾಗದ ಕಡೆ ಜೋರಾಗಿ ಓಡಿದ್ರೆ, ಅಲ್ಲಿ ಹಿಮ್ಮಡಿ ಊರಿದಾಗ ನೆಲ ಮೆತ್ತಗೆ ಕುಸಿದಂಗಾದ್ರೆ, ಕೆಳಗಿನ ಹಲಗೆ ಕೊಳೆತಿರಬಹುದು.

ಪಾಲಿಶ್ ಉಳಿದಿದೆಯಾ ನೋಡೋಕೆ, ತೋರಿಸೋರನ್ನ ಕೇಳಿ, ಜನ ಜಾಸ್ತಿ ಓಡಾಡೋ ಜಾಗದಲ್ಲಿ ಒಂದೇ ಒಂದು ಹನಿ ನೀರು ಬಿಡಿ. ಮುತ್ತಿನ ಥರ ನಿಂತ್ರೆ ಪಾಲಿಶ್ ಚೆನ್ನಾಗಿದೆ. ಒಂದೆರಡು ನಿಮಿಷದಲ್ಲಿ ಹೀರ್ಕೊಂಡು ಮರ ಕಪ್ಪಾದ್ರೆ ಅಲ್ಲಿ ಬರೀ ಮರ ಉಳಿದಿದೆ, ಅಂಥ ನೆಲದಲ್ಲಿ ನಿಮ್ಮ ಮೊದಲ ವಾರದ ಸಾರೇ ಶಾಶ್ವತ ಕಲೆ. ಹನಿ ಒರೆಸಿ ಬನ್ನಿ.

ಹೆದರಬೇಕಾದ ಲಕ್ಷಣಗಳು, ಹೆದರಬೇಕಿಲ್ಲದ್ದು: ಚಳಿಗಾಲದಲ್ಲಿ ಹಲಗೆ ಮಧ್ಯ ಕ್ರೆಡಿಟ್ ಕಾರ್ಡ್ ದಪ್ಪದ ಸಂದಿ ಇದ್ರೆ ಗಾಬರಿ ಬೇಡ, ಸ್ಟೀಮ್ ಹೀಟಿಂಗಿಗೆ ಗಾಳಿ ಒಣಗಿ ಮರ ಕುಗ್ಗತ್ತೆ, ಬೇಸಿಗೇಲಿ ಮುಚ್ಕೊಳತ್ತೆ. ಕಿರ್ ಕಿರ್ ಸದ್ದು ಕೂಡ ಹಳೇ ಮನೇಲಿ ಇದ್ದಿದ್ದೇ. ಆದ್ರೆ ಹಲಗೆಯ ಎರಡೂ ಅಂಚು ಮೇಲೆದ್ದು ಮಧ್ಯ ತಗ್ಗಾಗಿ ದೋಣಿ ಥರ ಆಗಿದ್ರೆ ಕೆಳಗಿಂದ ತೇವ ಬರ್ತಿದೆ ಅಂತ ಅರ್ಥ, ಅದರ ಮೂಲ ಕೇಳ್ದೆ ಮುಂದಕ್ಕೆ ಹೋಗ್ಬೇಡಿ. ಗೋಡೆ ಪಟ್ಟಿ ಸಂದೀಲಿ ಟಿಶ್ಯೂ ಎಳೆದು ನೋಡಿ, ಪೆನ್ನಲ್ಲಿ ಚುಕ್ಕಿ ಇಟ್ಟಂಗೆ ಕಪ್ಪು ಚುಕ್ಕಿ ಇದ್ರೆ ತಿಗಣೆ ಇರಬಹುದು. ಹಿಂದಿನ ವರ್ಷ ತಿಗಣೆ ಇತ್ತಾ ಅಂತ ಬರೆದು ಕೊಡೋದು ಇಲ್ಲಿ ಓನರ್ ಕರ್ತವ್ಯ, ಲೀಸ್ ಜೊತೆ ಆ ಫಾರ್ಮ್ ಬರಬೇಕು.

ಕೊನೇಲಿ ಐದು ನಿಮಿಷ ಮಾತಾಡ್ದೆ ಸುಮ್ನೆ ನಿಂತ್ಕೊಳಿ. ಮೇಲಿನವರ ಹೆಜ್ಜೆ ನಿಮಗೆ ಎಷ್ಟು ಕೇಳತ್ತೋ ನಿಮ್ಮ ಹೆಜ್ಜೆ ಕೆಳಗಿನವರಿಗೆ ಅಷ್ಟೇ ಕೇಳತ್ತೆ.

ಮನೆಗೆ ಬಂದು ಎಚ್‌ಪಿಡಿ (ಸಿಟಿಯ ವಸತಿ ಇಲಾಖೆ) ವೆಬ್‌ಸೈಟಲ್ಲಿ ಆ ಬಿಲ್ಡಿಂಗಿನ ಅಡ್ರೆಸ್ ಹಾಕಿ, ನೀರು ಸೋರಿಕೆ, ಹೀಟ್ ಇಲ್ಲ ಅಂತ ಎಷ್ಟು ವಯಲೇಷನ್ ಬಿದ್ದಿದೆ ನೋಡಿ. ಅದೇ ಸೋರಿಕೆ ಮುಂದೆ ನಿಮ್ಮ ನೆಲಕ್ಕೆ ಬರೋದು.

4. ಲೀಸಲ್ಲಿ ನೆಲದ ಸಾಲು ಹುಡುಕಿ ಓದಿ

ಲೀಸ್ ಉದ್ದ ಇರತ್ತೆ, ಎಲ್ಲಾ ಓದೋಕಾಗಲ್ಲ ಅನ್ನೋರು ಕನಿಷ್ಠ ಫ್ಲೋರ್, ಕಾರ್ಪೆಟ್, ಆಲ್ಟರೇಷನ್ ಅನ್ನೋ ಪದ ಸರ್ಚ್ ಮಾಡಿ, ಜೊತೆಗಿರೋ ರೈಡರ್‌ಗಳಲ್ಲೂ (ಲೀಸಿಗೆ ಸೇರಿಸಿರೋ ಹೆಚ್ಚಿನ ಷರತ್ತಿನ ಹಾಳೆ) ಸರ್ಚ್ ಮಾಡಿ.

ಹೆಚ್ಚಿನ ಲೀಸಲ್ಲಿ ಸಿಗೋದು 80 ಪರ್ಸೆಂಟ್ ಕಾರ್ಪೆಟ್ ನಿಯಮ. ಕಿಚನ್ ಬಾತ್‌ರೂಂ ಬಿಟ್ಟು ಉಳಿದ ನೆಲದಲ್ಲಿ ಶೇಕಡ 80 ಭಾಗ ರಗ್ಗು ಮುಚ್ಚಿರಬೇಕು ಅಂತ. ಇದು ಸರ್ಕಾರದ ಕಾನೂನಲ್ಲ, ಲೀಸಿನ ಷರತ್ತು, ಆದ್ರೆ ಸೈನ್ ಹಾಕಿದ್ಮೇಲೆ ಪಾಲಿಸ್ಲೇಬೇಕು. ಕೆಳಗಿನವರು ಸದ್ದಿನ ಕಂಪ್ಲೇಂಟ್ ಕೊಟ್ಟಾಗ ಇದನ್ನೇ ಹಿಡ್ಕೊಂಡು ಬರ್ತಾರೆ. ಲೆಕ್ಕ ಹೀಗೆ: 12ಕ್ಕೆ 15 ಅಡಿ ರೂಂ ಅಂದ್ರೆ 180 ಚದರಡಿ, ಅದರ 80 ಪರ್ಸೆಂಟ್ 144. ಒಂದು 9ಕ್ಕೆ 12 ರಗ್ಗು 108 ಆಯ್ತು, ಜೊತೆಗೆ ಒಂದು 5ಕ್ಕೆ 8 ಹಾಕಿದ್ರೆ 148. ಬಜೆಟ್ ಹಾಕುವಾಗಲೇ ರಗ್ಗಿನ ದುಡ್ಡು ಸೇರಿಸಿ, ಸುಮಾರು ಜನ ಇದನ್ನ ಮರೀತಾರೆ.

ಬಿಡುವಾಗ ನೆಲ ಪಾಲಿಶ್ ಮಾಡಿಸೋ ಖರ್ಚು ಬಾಡಿಗೆದಾರರದ್ದು ಅಂತ ಸಾಲಿದ್ರೆ ತೆಗೆಸೋಕೆ ಕೇಳಿ. ಡೆಪಾಸಿಟಲ್ಲಿ ಹಿಡಿಯೋಕಾಗೋದು ಮಾಮೂಲಿ ಸವಕಳಿಗಿಂತ ಜಾಸ್ತಿ ಆದ ಡ್ಯಾಮೇಜಿಗೆ. ಜನ ಓಡಾಡಿ ಪಾಲಿಶ್ ಮಂಕಾಗೋದು ಸವಕಳಿ, ನಾಯಿ ಉಗುರಿನ ಆಳ ಗೀರು ಡ್ಯಾಮೇಜು.

ನೀವು ಬರೋಕ್ ಮುಂಚೆ ಪಾಲಿಶ್ ಮಾಡಿಸ್ಕೊಡ್ತೀವಿ ಅಂತ ಬಾಯಲ್ಲಿ ಹೇಳಿದ್ರೆ ತಾರೀಖಿನ ಸಮೇತ ಲೀಸಲ್ಲಿ ಬರೆಸಿ. ಯಾವ ಪಾಲಿಶ್ ಅಂತಾನೂ ಕೇಳಿ, ಆಯಿಲ್ ಬೇಸ್ ಪಾಲಿಯೂರಿಥೇನ್ ಆದ್ರೆ ಪೂರ್ತಿ ಗಟ್ಟಿಯಾಗೋಕೆ ಸುಮಾರು 30 ದಿನ ಬೇಕು. ಹಿಂದಿನ ರಾತ್ರಿ ಬಳಿದು ಬೆಳಿಗ್ಗೆ ಕೀ ಕೊಟ್ರೆ ನಿಮ್ಮ ಮಂಚದ ಕಾಲು ಅದರಲ್ಲಿ ಗುರುತು ಬಿಡತ್ತೆ, ಆಮೇಲೆ ಅದು ನಿಮ್ಮ ತಪ್ಪಾಗತ್ತೆ.

5. ಸೈನ್ ಆದ್ಮೇಲೆ, ಸಾಮಾನು ಬರೋಕ್ ಮುಂಚೆ: ಇನ್ಸ್‌ಪೆಕ್ಷನ್

ಎಲ್ಲರೂ ಬಿಟ್ಟುಬಿಡೋ ಹಂತ ಇದು, ನಾನೂ ಬಿಟ್ಟಿದ್ದೆ. ನನ್ನ ಮೊದಲ ಮನೆ ಕ್ವೀನ್ಸಲ್ಲಿ, ಪಾರ್ಕೆ ನೆಲ. ರೇಡಿಯೇಟರ್ ಪಕ್ಕ ಒಂದು ಕಪ್ಪು ಕಲೆ ಮೊದಲಿಂದ ಇತ್ತು, ಆಮೇಲೆ ಕಿಟಕಿ ಹತ್ರ ನಾನು ಇಟ್ಟ ತುಳಸಿ ಕುಂಡದ ಕೆಳಗೆ ಇನ್ನೊಂದು ಕಪ್ಪು ಬಳೆ ಬಿತ್ತು. ಎರಡನೇದು ನನ್ನ ತಪ್ಪು, ಒಪ್ಕೊಂಡೆ. ಆದ್ರೆ ಓನರ್ ಎರಡಕ್ಕೂ ದುಡ್ಡು ಹಿಡಿದ್ರು, ಮೊದಲನೇದು ನನ್ನದಲ್ಲ ಅಂತ ತೋರಿಸೋಕೆ ನನ್ನ ಹತ್ರ ಒಂದು ಚೂರು ಪೇಪರ್ ಇರಲಿಲ್ಲ.

ಕಾನೂನು ಇಲ್ಲಿ ನಿಮ್ಮ ಕಡೆ ಇದೆ. ಲೀಸ್ ಸೈನ್ ಆದ್ಮೇಲೆ, ನೀವು ವಾಸಕ್ಕೆ ಬರೋಕ್ ಮುಂಚೆ, ಓನರ್ ಅಥವಾ ಅವರ ಏಜೆಂಟ್ ಜೊತೆ ಮನೆ ಪರೀಕ್ಷೆ ಮಾಡೋ ಅವಕಾಶ ಅವರು ಕೊಡಬೇಕು. ಆಮೇಲೆ ಮನೆ ಯಾವ ಸ್ಥಿತೀಲಿದೆ, ಏನೇನು ಹಾಳಾಗಿದೆ ಅಂತ ಎರಡೂ ಕಡೆಯವರು ಬರೆದು ಒಪ್ಪಂದ ಮಾಡ್ಕೋಬೇಕು. ಮುಂದೆ ಡೆಪಾಸಿಟ್ ಜಗಳ ಆದ್ರೆ ಕೋರ್ಟಲ್ಲಿ ಈ ಪೇಪರ್ ಸಾಕ್ಷಿ. ಅವರಾಗೇ ಕರೀತಾರೆ ಅಂತ ಕಾಯ್ಬೇಡಿ, ಲೀಸ್ ಸೈನ್ ಆದ ದಿನವೇ ಇಮೇಲ್ ಹಾಕಿ ಟೈಮ್ ಕೇಳಿ.

ಫೋಟೋ ತೆಗೆಯೋ ಕ್ರಮ: ಪ್ರತಿ ರೂಮಿನ ನಾಲ್ಕು ಮೂಲೆಯಿಂದ ಒಂದೊಂದು, ಆಮೇಲೆ ನೆಲದ ಮಧ್ಯದ್ದು. ನಂತರ ಒಂದೊಂದು ಕಲೆ, ಗೀರು, ಒಡೆದ ತುಂಡಿಗೆ ಎರಡೆರಡು, ಒಂದು ದೂರದಿಂದ ಯಾವ ಜಾಗ ಅಂತ ಗೊತ್ತಾಗೋ ಹಾಗೆ, ಇನ್ನೊಂದು ಹತ್ರದಿಂದ ಪಕ್ಕದಲ್ಲಿ ಕ್ವಾರ್ಟರ್ ಇಟ್ಟು, ಗಾತ್ರ ಗೊತ್ತಾಗಬೇಕಲ್ಲ. ಕೊನೇಲಿ ಬಾಗಿಲಿಂದ ಶುರು ಮಾಡಿ ಇಡೀ ಮನೆ ಒಂದೇ ವಿಡಿಯೋ, ಕಟ್ ಮಾಡ್ದೆ.

ಪಟ್ಟೀಲಿ ಲಿವಿಂಗ್ ರೂಂ ಫ್ಲೋರ್ ಸರಿ ಇಲ್ಲ ಅಂತ ಬರೆದ್ರೆ ಏನೂ ಪ್ರಯೋಜನ ಇಲ್ಲ. ಲಿವಿಂಗ್ ರೂಂ, ಕಿಟಕಿ ಗೋಡೆಯಿಂದ 2 ಅಡಿ, ರೇಡಿಯೇಟರ್ ಎಡಕ್ಕೆ, 6 ಇಂಚಿನ ಕಪ್ಪು ಕಲೆ ಅಂತ ಅಳತೆ ಸಮೇತ ಬರೀರಿ. ಅವರು ಸೈನ್ ಹಾಕಲ್ಲ ಅಂದ್ರೂ ಫೋಟೋ ಮತ್ತೆ ಪಟ್ಟಿ ಅದೇ ದಿನ ಅವರಿಗೆ ಇಮೇಲ್ ಮಾಡಿ, ಇಮೇಲಿನ ತಾರೀಖು ನಿಮಗೆ ಕಾವಲು. ವಾಟ್ಸಾಪಲ್ಲಿ ಮಾತ್ರ ಕಳಿಸ್ಬೇಡಿ, ಫೋನ್ ಬದಲಾದಾಗ ಹೋಗ್ಬಿಡತ್ತೆ.

6. ಸಾಮಾನು ಇಳಿಸೋ ದಿನ

ದೊಡ್ಡ ಗೀರುಗಳು ಎಷ್ಟೋ ಸಲ ಈ ಒಂದೇ ದಿನ ಬೀಳತ್ತೆ. ಮೂವರ್ಸ್ ಬರೋಕ್ ಮುಂಚೆ ಬಾಗಿಲಿಂದ ಬೆಡ್‌ರೂಂವರೆಗೆ ದಪ್ಪ ಪೇಪರ್ ಇಲ್ಲಾ ಹಳೇ ಬ್ಲಾಂಕೆಟ್ ಹಾಸಿ. ಯಾವ್ದನ್ನೂ ಎಳೀಬೇಡಿ, ಅಕ್ಕಿ ಮೂಟೆ ಕೂಡ, ಅದರ ಕೆಳಗೆ ಒಂದು ಸಣ್ಣ ಕಲ್ಲು ಸಿಕ್ಕಿದ್ರೆ ಬಾಗಿಲಿಂದ ಕಿಚನ್‌ವರೆಗೂ ಒಂದೇ ಗೆರೆ.

ಫೆಲ್ಟ್ ಪ್ಯಾಡನ್ನ ಸಾಮಾನು ನೆಲ ಮುಟ್ಟೋ ಮುಂಚೆ ಅಂಟಿಸ್ಬೇಕು, ನಾಳೆ ಅಂಟಿಸೋಣ ಅಂದ್ರೆ ಆಗಲ್ಲ. ಆಮೇಲೆ ಕೆಲವು ತಿಂಗಳಿಗೊಮ್ಮೆ ಬದಲಾಯಿಸಿ, ಅದರಲ್ಲಿ ಮರಳು ಸೇರ್ಕೊಂಡ್ರೆ ಪ್ಯಾಡೇ ಉಪ್ಪುಕಾಗದ ಆಗತ್ತೆ. ಮನೆಯಿಂದ ಕೆಲಸ ಮಾಡೋರ ಕುರ್ಚಿ ಚಕ್ರ ಗಟ್ಟಿ ಪ್ಲಾಸ್ಟಿಕ್ ಆಗಿರತ್ತೆ, ಅದನ್ನ ಮೆತ್ತನೇ ಚಕ್ರಕ್ಕೆ ಬದಲಾಯಿಸಿ.

ರಗ್ಗಿನ ಕೆಳಗೆ ಅಗ್ಗದ ರಬ್ಬರ್ ಜಾಲರಿ ಹಾಕ್ಬೇಡಿ. ಪಾಲಿಶ್ ಜೊತೆ ರಿಯಾಕ್ಟ್ ಆಗಿ ಹಳದಿ ಚೌಕದ ಗುರುತು ಬಿಡತ್ತೆ, ಎಷ್ಟು ಉಜ್ಜಿದ್ರೂ ಹೋಗಲ್ಲ. ಫೆಲ್ಟ್ ಹಾಕಿ. ಹೊಸ ಪಾಲಿಶ್ ಆಗಿದ್ರೆ ಅದು ಪೂರ್ತಿ ಗಟ್ಟಿಯಾಗೋವರೆಗೂ ರಗ್ಗೇ ಹಾಕ್ಬೇಡಿ, ಕಾರ್ಪೆಟ್ ನಿಯಮಕ್ಕೆ ಅಷ್ಟು ದಿನ ಟೈಮ್ ಬೇಕು ಅಂತ ಓನರ್‌ಗೆ ಇಮೇಲಲ್ಲಿ ಹೇಳಿ.

7. ದಿನನಿತ್ಯ: ನಮ್ಮ ಮನೆಗಳಲ್ಲಿ ನೆಲ ಹಾಳಾಗೋದು ಹೀಗೆ

ಇಂಗ್ಲಿಷಲ್ಲಿರೋ ಸಲಹೆಗಳಲ್ಲಿ ಹೈಹೀಲ್ಸ್, ನಾಯಿ ಉಗುರು ಅಂತೆಲ್ಲ ಬರೆದಿರ್ತಾರೆ. ನಮ್ಮ ಮನೆಗಳಲ್ಲಿ ಶೂ ಬಾಗಿಲಲ್ಲೇ ಬಿಡ್ತೀವಿ, ಅದು ನೆಲಕ್ಕೆ ತುಂಬಾ ಒಳ್ಳೇದು. ನಮ್ಮ ತೊಂದರೆಗಳು ಬೇರೆ.

ಮೊದಲನೇದು ಬಕೆಟ್ಟು. ರೆಡ್ ಆಕ್ಸೈಡ್ ನೆಲ, ಮೊಸಾಯಿಕ್, ಗ್ರಾನೈಟ್ ಮೇಲೆ ಬೆಳೆದ ಕೈ ನಮ್ಮದು, ಬಟ್ಟೆ ಅದ್ದಿ ಹಿಂಡಿ ಒರೆಸಿದ್ರೇನೇ ಮನೆ ಕ್ಲೀನ್ ಆದಂಗೆ. ಮರಕ್ಕೆ ಅದು ಆಗಲ್ಲ. ನೀರು ಹಲಗೆ ಸಂದಿಗೆ ಇಳಿದು ಮರ ಊದತ್ತೆ, ಪಾರ್ಕೆ ಆದ್ರೆ ಅಂಟು ಬಿಡತ್ತೆ. ದಿನಾ ಒಣ ಮೈಕ್ರೋಫೈಬರಲ್ಲಿ ಧೂಳು ತೆಗೀರಿ, ವಾರಕ್ಕೊಂದ್ಸಲ ಬೋನಾ ಥರದ ಹಾರ್ಡ್‌ವುಡ್ ಕ್ಲೀನರನ್ನ ಮಾಪಿಗೆ ಚಿಮುಕಿಸಿ ಒರೆಸಿ, ಒಂದು ನಿಮಿಷದೊಳಗೆ ನೆಲ ತಾನಾಗೇ ಒಣಗಬೇಕು, ಒಣಗ್ಲಿಲ್ಲ ಅಂದ್ರೆ ನೀರು ಜಾಸ್ತಿ ಆಯ್ತು ಅಂತ. ಫಿನಾಯ್ಲು ಬೇಡ, ವಿನೆಗರ್ ಬೇಡ, ಸ್ಟೀಮ್ ಮಾಪ್ ಅಂತೂ ಬೇಡವೇ ಬೇಡ. ಊರಿಂದ ಅಮ್ಮ ಅತ್ತೆ ಬರೋ ಮೊದಲ ದಿನವೇ ಇದನ್ನ ಸಮಾಧಾನವಾಗಿ ಹೇಳಿ, ಅವರು ಬೆಳಿಗ್ಗೆ ಐದಕ್ಕೆ ಎದ್ದು ಒರೆಸಿ ಮುಗಿಸಿರ್ತಾರೆ.

ದೇವರ ಮೂಲೆ. ದೀಪದ ಎಣ್ಣೆ, ಅರಿಶಿನ, ಕುಂಕುಮ ಮೂರೂ ಕಲೆ ಮಾಡತ್ತೆ, ಪಾಲಿಶ್ ಸವೆದ ಕಡೆ ಬಿದ್ರೆ ಮರದೊಳಗೇ ಹೋಗತ್ತೆ. ಮಂಟಪದ ಕೆಳಗೆ ಅಂಚಿರೋ ದೊಡ್ಡ ಸ್ಟೀಲ್ ತಟ್ಟೆ ಇಡಿ, ತಟ್ಟೆ ಕೆಳಗೆ ಬಟ್ಟೆ. ರಂಗೋಲಿ ಪುಡಿ ಕಲ್ಲಿನ ಪುಡಿ, ಕಾಲಿಗೆ ಅಂಟಿ ಮನೆಯೆಲ್ಲಾ ಹರಡಿದ್ರೆ ಪಾಲಿಶ್ ಮೇಲೆ ಸಣ್ಣ ಸಣ್ಣ ಗೀರು. ಒಂದು ಹಲಗೆ ಮೇಲೆ ರಂಗೋಲಿ ಹಾಕಿ ಅದನ್ನೇ ಹೊಸ್ತಿಲ ಹತ್ರ ಇಡಿ, ಹಬ್ಬ ಆದ್ಮೇಲೆ ಹಲಗೆ ಎತ್ತಿದ್ರೆ ಆಯ್ತು. ದೀಪಾವಳಿ ಎಣ್ಣೆಸ್ನಾನಕ್ಕೆ ಮೈಗೆ ಎಣ್ಣೆ ಹಚ್ಚೋದನ್ನ ಬಾತ್‌ರೂಮಲ್ಲೇ ಮಾಡಿ, ಎಣ್ಣೆ ಕಾಲಲ್ಲಿ ಮರದ ಮೇಲೆ ನಡೆದ್ರೆ ಜಾರತ್ತೆ ಕೂಡ.

ತುಳಸಿ ಕುಂಡ. ಕುಂಡದ ಕೆಳಗೆ ತಟ್ಟೆ ಇಟ್ರೂ ಮಣ್ಣಿನ ತಟ್ಟೆ ತೇವ ಬಿಡತ್ತೆ. ಓಕ್ ಮರದಲ್ಲಿ ಟ್ಯಾನಿನ್ ಅಂತ ಒಂದು ಅಂಶ ಇದೆ, ತೇವದ ಜೊತೆ ಕಬ್ಬಿಣ ಸೇರಿದ್ರೆ ಅದು ಮಸಿ ಥರ ಕಪ್ಪಾಗತ್ತೆ. ಹಾಗಾಗಿ ಕುಂಡವನ್ನ ಕಾಲಿರೋ ಸ್ಟ್ಯಾಂಡ್ ಮೇಲಿಡಿ, ಕೆಳಗೆ ಗಾಳಿ ಆಡಬೇಕು. ಒದ್ದೆ ಕಬ್ಬಿಣದ ಕಾವಲಿ, ಬಾಣಲೆ ಯಾವ್ದನ್ನೂ ನೆಲದ ಮೇಲೆ ಇಡ್ಬೇಡಿ.

ಗ್ರೈಂಡರ್ ನೆಲದ ಮೇಲಿಟ್ಟು ದೋಸೆ ಹಿಟ್ಟು ರುಬ್ಬೋರು ಅದನ್ನ ಕಟ್ಟೆ ಮೇಲಿಡಿ. ನೆಲದ ಮೇಲೆ ನೀರೂ ಚೆಲ್ಲತ್ತೆ, ಸದ್ದು ಸೀದಾ ಕೆಳಗಿನ ಮನೆಗೆ ಹೋಗತ್ತೆ. ತೆಂಗಿನಕಾಯಿ ನೆಲಕ್ಕೆ ಕುಟ್ಟಿ ಒಡೆದ್ರೆ ಓಕಲ್ಲೂ ಗುಂಡಿ ಬೀಳತ್ತೆ, ಕೈಯಲ್ಲಿ ಹಿಡಿದು ಕತ್ತಿ ಹಿಂಬದಿಯಿಂದ ಹೊಡೀರಿ.

ಮಗಳು ಭರತನಾಟ್ಯ ಕಲೀತಿದ್ರೆ ತಟ್ಟಡವು ಅಭ್ಯಾಸಕ್ಕೆ ದಪ್ಪ ಮ್ಯಾಟ್ ಹಾಕಿ ಅದರ ಮೇಲೆ ಪ್ಲೈವುಡ್ ಹಲಗೆ ಇಡಿ. ಕೆಳಗಿನವರನ್ನ ಮೊದಲೇ ಭೇಟಿಯಾಗಿ ಯಾವ ಟೈಮ್ ಆಗಬಹುದು ಅಂತ ಕೇಳಿದ್ರೆ ಅವರೂ ಒಪ್ತಾರೆ, ನಮ್ಮ ಕೆಳಗಿನ ಮನೆಯವರು ಒಂದು ಡಬ್ಬ ಚಕ್ಕುಲಿ ಆದ್ಮೇಲೆ ಸಂಜೆ ಆರರಿಂದ ಏಳು ಅಂತ ಖುಷಿಯಾಗೇ ಹೇಳಿದ್ರು.

ತೇವಾಂಶ ಮೀಟರ್ 35ರಿಂದ 55 ಪರ್ಸೆಂಟ್ ಮಧ್ಯ ಇರಲಿ. ಚಳಿಗಾಲದಲ್ಲಿ ಅದಕ್ಕಿಂತ ಕೆಳಗೆ ಹೋದ್ರೆ ಹ್ಯುಮಿಡಿಫೈಯರ್ ಹಾಕಿ, ಆದ್ರೆ ಅದನ್ನ ಟೇಬಲ್ ಮೇಲಿಡಿ, ನೆಲದ ಮೇಲಿಟ್ರೆ ಸುತ್ತ ಬಿಳೀ ಮಂಕು ಬರತ್ತೆ.

8. ನೀರು ಸೋರಿದ್ರೆ, ನೆಲ ಎದ್ರೆ

ಅಕ್ಟೋಬರ್ 1ರಿಂದ ಮೇ 31ರವರೆಗೆ ಹೀಟಿಂಗ್ ಕಾಲ. ಹಗಲು ಹೊರಗೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಹೋದ್ರೆ ಒಳಗೆ 68 ಇರಬೇಕು, ರಾತ್ರಿ 62. ಹೀಟ್ ಶುರುವಾದ ಮೊದಲ ವಾರ ಪ್ರತಿ ರೇಡಿಯೇಟರ್ ಕೆಳಗೂ ಕೈಯಾಡಿಸಿ ನೋಡಿ, ವಾಲ್ವಿಂದ ಹನಿ ಬೀಳೋದು ಆಗಲೇ ಶುರುವಾಗೋದು.

ಒದ್ದೆ ಇದ್ರೆ ಒರೆಸಿ, ಕೆಳಗೆ ಪಾತ್ರೆ ಇಡಿ, ಫೋಟೋ ತೆಗೀರಿ, ಸೂಪರ್‌ಗೆ (ಬಿಲ್ಡಿಂಗ್ ನೋಡ್ಕೊಳೋರು) ಫೋನ್ ಮಾಡಿ, ಆಮೇಲೆ ಓನರ್‌ಗೆ ಇಮೇಲ್ ಕೂಡ ಹಾಕಿ. ಸೂಪರ್ ಒಳ್ಳೆಯವರು, ಬಂದು ನೋಡ್ಕೊಂಡ್ ಹೋದ್ರು ಅಂತ ಇಮೇಲ್ ಬಿಡ್ಬೇಡಿ, ಎರಡು ವರ್ಷ ಆದ್ಮೇಲೆ ಆ ಸೋರಿಕೆ ಬಿಲ್ಡಿಂಗಿಂದು ಅಂತ ತೋರಿಸೋಕೆ ಅದೊಂದೇ ದಾರಿ. ರಿಪೇರಿ ಮಾಡ್ಲಿಲ್ಲ ಅಂದ್ರೆ ಸಿಟಿಯ ಕಂಪ್ಲೇಂಟ್ ನಂಬರ್ 311ಕ್ಕೆ ಕಂಪ್ಲೇಂಟ್ ಕೊಡಿ.

ಹಲಗೆ ದೋಣಿ ಥರ ಎದ್ದಿದ್ರೆ ನೀವೇ ಉಜ್ಜೋಕೆ ಹೋಗ್ಬೇಡಿ, ಮೇಲೆ ಭಾರ ಇಡ್ಬೇಡಿ. ತೇವ ನಿಂತ್ಮೇಲೆ ವಾರಗಟ್ಟಲೆ ಬಿಟ್ರೆ ಸುಮಾರು ಮಟ್ಟಿಗೆ ತಾನಾಗೇ ಇಳಿಯತ್ತೆ, ಒದ್ದೆ ಇದ್ದಾಗಲೇ ಅಂಚು ಉಜ್ಜಿದ್ರೆ ಒಣಗಿದ್ಮೇಲೆ ಮಧ್ಯ ಉಬ್ಬಿ ಉಳಿಯತ್ತೆ. ರೆಂಟರ್ಸ್ ಇನ್ಶೂರೆನ್ಸ್ ಮಾಡಿಸಿರಿ, ನಿಮ್ಮ ಮನೆ ನಲ್ಲಿ ಮರೆತು ಕೆಳಗಿನವರ ಸೀಲಿಂಗ್ ಹಾಳಾದ್ರೆ ಅದರ ಲಯಬಿಲಿಟಿ ಭಾಗ ಕೈ ಹಿಡಿಯತ್ತೆ.

9. ಮನೆ ಬಿಡುವಾಗ

ಬಿಡ್ತೀವಿ ಅಂತ ಬರೆದು ಕೊಟ್ಟ ಇಮೇಲಲ್ಲೇ ಮೂವ್ ಔಟ್ ಇನ್ಸ್‌ಪೆಕ್ಷನ್ ಬೇಕು ಅಂತ ಕೇಳಿ. ಅದು ನಿಮ್ಮ ಹಕ್ಕು. ಲೀಸ್ ಮುಗಿಯೋ ಎರಡು ವಾರ ಮುಂಚೆಯಿಂದ ಒಂದು ವಾರ ಮುಂಚೆಯೊಳಗೆ ಅದು ಆಗಬೇಕು, 48 ಗಂಟೆ ಮುಂಚೆ ಅವರು ಬರೆದು ತಿಳಿಸಬೇಕು, ನೀವು ಅಲ್ಲೇ ಇರಿ. ಏನೇನಕ್ಕೆ ದುಡ್ಡು ಹಿಡೀತೀವಿ ಅಂತ ಅವರು ಪಟ್ಟಿ ಕೊಡಬೇಕು, ಅದನ್ನ ಸರಿ ಮಾಡೋಕೆ ಮನೆ ಬಿಡೋವರೆಗೂ ನಿಮಗೆ ಟೈಮ್ ಇರತ್ತೆ. 5ನೇ ಹಂತದ ಪಟ್ಟಿ ಪ್ರಿಂಟ್ ತೆಗೆದು ಕೈಯಲ್ಲಿ ಹಿಡ್ಕೊಂಡು ನಿಲ್ಲಿ, ಇದು ಮೊದಲಿಂದ ಇತ್ತು ನೋಡಿ ಅಂತ ಅಲ್ಲೇ ತೋರಿಸಿ.

ಈ ವಾರ ಜನ ಮಾಡೋ ದೊಡ್ಡ ತಪ್ಪು ಸ್ಯಾಂಡರ್ ಬಾಡಿಗೆಗೆ ತಂದು ತಾವೇ ಉಜ್ಜೋದು. ಅಭ್ಯಾಸ ಇಲ್ಲದ ಕೈಗೆ ಆ ಮಿಷಿನ್ ಒಂದು ಕ್ಷಣ ನಿಂತ್ರೂ ನೆಲದಲ್ಲಿ ಹಳ್ಳ, ತೆಳು ಪಾರ್ಕೆ ಆದ್ರೆ ಮುಗಿದೇ ಹೋಯ್ತು. ಸಣ್ಣ ಗೀರಿಗೆ ಅದೇ ಬಣ್ಣದ ಟಚ್ ಅಪ್ ಪೆನ್ನು ಮೂಲೇಲಿ ಟೆಸ್ಟ್ ಮಾಡಿ ಹಚ್ಚಿ, ಆಳ ಇದ್ರೆ ಹಾಗೇ ಬಿಡಿ. ಹೊಳಪು ಬರಲಿ ಅಂತ ಎಣ್ಣೆ, ಮೇಣ ಹಚ್ಚಬೇಡಿ, ಮುಂದೆ ಪಾಲಿಶ್ ಮಾಡೋರಿಗೆ ಬಣ್ಣ ಹಿಡಿಯಲ್ಲ, ಅದರ ಖರ್ಚೂ ನಿಮ್ಮ ತಲೆಗೆ ಬರಬಹುದು.

ಸಾಮಾನೆಲ್ಲಾ ಹೋದ್ಮೇಲೆ, ಕೀ ಕೊಡೋಕ್ ಮುಂಚೆ, ಮೊದಲ ದಿನ ನಿಂತ ಅದೇ ಮೂಲೆಗಳಲ್ಲಿ ನಿಂತು ಅದೇ ಫೋಟೋ ಮತ್ತೆ ತೆಗೀರಿ. ಹೊಸ ಅಡ್ರೆಸ್ ಬರೆದು ಕೊಡಿ, ಇಲ್ಲಾಂದ್ರೆ ಚೆಕ್ ಎಲ್ಲಿಗೆ ಕಳಿಸೋದು ಅಂತ ಗೊತ್ತಿರಲಿಲ್ಲ ಅಂತಾರೆ.

ಖಾಲಿ ಮಾಡಿ 14 ದಿನದೊಳಗೆ ಡೆಪಾಸಿಟ್ ಬರಬೇಕು, ಹಿಡಿದ್ರೆ ಯಾವ್ದಕ್ಕೆ ಎಷ್ಟು ಅಂತ ಬಿಡಿಸಿ ಬರೆದ ಪಟ್ಟಿ ಬರಬೇಕು. ಆ 14 ದಿನದಲ್ಲಿ ಪಟ್ಟಿ ಕೊಡ್ಲಿಲ್ಲ ಅಂದ್ರೆ ಅವರು ಒಂದು ಡಾಲರೂ ಹಿಡಿಯೋ ಹಕ್ಕು ಕಳ್ಕೊಳ್ತಾರೆ. 15ನೇ ದಿನ ತಾರೀಖುಗಳನ್ನ ಬರೆದು ಒಂದು ಇಮೇಲ್, ಅದರದ್ದೇ ಒಂದು ಸರ್ಟಿಫೈಡ್ ಲೆಟರ್ ಕಳಿಸಿ. ಎಷ್ಟೋ ಸಲ ಅಷ್ಟಕ್ಕೇ ಚೆಕ್ ಬರತ್ತೆ. ಬರಲಿಲ್ಲ ಅಂದ್ರೆ ಸ್ಮಾಲ್ ಕ್ಲೇಮ್ಸ್ ಕೋರ್ಟಿದೆ, 10,000 ಡಾಲರ್‌ವರೆಗೆ ಲಾಯರ್ ಇಲ್ದೆ ನೀವೇ ಹಾಕಬಹುದು, ಬೇಕಂತಲೇ ಹಿಡಿದಿದ್ದು ಅಂತ ಸಾಬೀತಾದ್ರೆ ಡೆಪಾಸಿಟಿನ ಎರಡರಷ್ಟರವರೆಗೆ ದಂಡನೂ ಬೀಳಬಹುದು. ಲೀಸ್, ಎರಡೂ ಸಲದ ಫೋಟೋ, ಇನ್ಸ್‌ಪೆಕ್ಷನ್ ಪಟ್ಟಿ, ಸೋರಿಕೆ ಇಮೇಲ್‌ಗಳು ಎಲ್ಲಾ ಒಂದೇ ಫೋಲ್ಡರಲ್ಲಿಡಿ, ಚೆಕ್ ಬ್ಯಾಂಕಲ್ಲಿ ಕ್ಲಿಯರ್ ಆಗೋವರೆಗೂ ಒಂದನ್ನೂ ಡಿಲೀಟ್ ಮಾಡ್ಬೇಡಿ.